ಜಿತಾಡಾ ಹಿಡಿಯುವ ಮುನ್ನ

ಮುಂಬಯಿಯ ಖಾಡಿಗಳಲ್ಲಿ ಸಿಗುವ ಜಿತಾಡಾ ಮೀನು ನಿಮಗೆ ಗೊತ್ತಿರಬಹುದು. ಚೆನ್ನೈಯವರು ಕೊಡುವಾ ಎನ್ನುವುದೂ ಇದನ್ನೇ. ಗಾಳ ಹಾಕಿ ಇದನ್ನು ಹಿಡಿಯುವ ಆಸೆಯಿದ್ದರೆ ಮೊದಲ ಸಲಕ್ಕೆ ದುಬಾರಿ ಸಾಮಾನು ಬೇಡ. 7 ಅಡಿಯ ಗಟ್ಟಿ ರಾಡ್, 4000 ಅಳತೆಯ ರೀಲ್, 20 ಪೌಂಡಿನ ಹೆಣೆದ ದಾರ ಸಾಕು. ಆದರೆ ಗಾಳದ ಬಳಿ 40 ಪೌಂಡಿನ ದಪ್ಪ ನೈಲಾನ್ ತುಂಡು ಇರಲೇಬೇಕು. ಈ ಮೀನಿನ ಕಿವಿರಿನ ಅಂಚು ಬ್ಲೇಡಿನ ಹಾಗೆ. ತೆಳು ದಾರವನ್ನು ಕೊಯ್ದುಬಿಡುತ್ತದೆ.

ರೀಲಿಗೆ ಶತ್ರುವೆಂದರೆ ಉಪ್ಪು. ನಾನೊಮ್ಮೆ ರೀಲನ್ನು ತೊಳೆಯದೆ ಮಳೆಗಾಲವಿಡೀ ಅಟ್ಟದ ಮೇಲಿಟ್ಟಿದ್ದೆ. ಮೀನು ಎಳೆದಾಗ ದಾರ ಬಿಟ್ಟುಕೊಡಬೇಕಾದ ಡ್ರ್ಯಾಗ್ ಅಂಟಿಕೊಂಡಿತ್ತು, ದಾರ ಪಟ್ಟನೆ ಕಡಿಯಿತು. ಬಾಯಲ್ಲಿ ಗಾಳ ಹೊತ್ತು ಹೋದ ಆ ಮೀನಿನ ಗತಿ ಏನಾಯಿತೋ! ನೀವು ಮನೆಗೆ ಬಂದ ರಾತ್ರಿಯೇ ಡ್ರ್ಯಾಗ್ ಬಿಗಿಮಾಡಿ ಮೆಲ್ಲಗೆ ಸಿಹಿನೀರು ಹನಿಸಿ. (ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಒಳಗೇ ಹೊಗುತ್ತದೆ.) ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಇಡಿ.

ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ತೊಟ್ಟೇ ಹತ್ತಿ. ಕಾಲಡಿ ಮಡಚಿಟ್ಟದ್ದು ನೀರಿಗೆ ಬಿದ್ದಾಗ ಕೈಗೆ ಸಿಗದು. ಉಬ್ಬರ-ಇಳಿತದ ಹೊತ್ತನ್ನು ಅಲ್ಲಿನ ಕೋಲಿ ಮೀನುಗಾರರನ್ನೇ ಕೇಳಿ. ತಿಥಿ ಎಣಿಸಿ ಹೇಳುತ್ತಾರೆ.