ಚೆಲುವು ಉಳಿದ ಕಣಿವೆಯಲ್ಲಿ ಜನ ಉಳಿದಾರೆಯೇ?

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ ಸ್ವೇಲ್ ಎಂಬ ನದಿಯಿದೆ. ಅದರ ಕಣಿವೆಯೇ ಸ್ವೇಲ್‌ಡೇಲ್. ಹಸಿರು ಹುಲ್ಲುಗಾವಲು, ಅದನ್ನು ಚೌಕಚೌಕವಾಗಿ ಕತ್ತರಿಸಿದ ಬೂದು ಬಣ್ಣದ ಕಲ್ಲುಗೋಡೆಗಳು, ಪ್ರತಿ ಚೌಕದಲ್ಲೂ ಒಂಟಿಯಾಗಿ ನಿಂತ ಕಲ್ಲಿನ ಕಟ್ಟಡ. ಕ್ಯಾಲೆಂಡರುಗಳ ಮೇಲೆ ಅಚ್ಚಾಗುವ ಇಂಗ್ಲೆಂಡಿನ ಹಳ್ಳಿಗಾಡು ಎಂದರೆ ಬಹುಮಟ್ಟಿಗೆ ಇಂಥದೇ. ಆದರೆ ಈ ಚಿತ್ರದಲ್ಲಿ ಪ್ರಕೃತಿ ತಾನಾಗಿ ಬರೆದದ್ದು ಕಡಿಮೆ, ರೈತ ಬರೆದದ್ದೇ ಹೆಚ್ಚು.

ಆ ಒಂಟಿ ಕಟ್ಟಡಗಳನ್ನೇ ನೋಡಿ. ದೂರದಿಂದ ಪುಟ್ಟ ಮನೆಗಳಂತೆ ಕಾಣುವ ಇವು ದನದ ಕೊಟ್ಟಿಗೆಗಳು. ಕೊಟ್ಟಿಗೆ ಮನೆಯ ಹಿತ್ತಲಲ್ಲಿರದೆ ಹೊಲದ ನಡುವೆ ಏಕಿದೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳ: ಹುಲ್ಲು ಹೊರುವ ಶ್ರಮ ತಪ್ಪಿಸಲು. ಜುಲೈ ಸುಮಾರಿಗೆ ಕೊಯ್ದು ಒಣಗಿಸಿದ ಹುಲ್ಲನ್ನು ಅದೇ ಹೊಲದ ಕೊಟ್ಟಿಗೆಯ ಅಟ್ಟಕ್ಕೆ ತುಂಬುತ್ತಿದ್ದರು. ಚಳಿಗಾಲ ಬಂತೆಂದರೆ ನಾಲ್ಕೈದು ಹಸುಗಳನ್ನು ಕೆಳಗೆ ಕಟ್ಟಿ, ಅಟ್ಟದಿಂದ ಹುಲ್ಲು ಎಳೆದು ಹಾಕುವುದು. ಅವುಗಳ ಸಗಣಿ ವಸಂತದಲ್ಲಿ ಅದೇ ಹೊಲಕ್ಕೆ ಗೊಬ್ಬರ. ಹುಲ್ಲೂ ದೂರ ಹೋಗಬೇಕಿಲ್ಲ, ಗೊಬ್ಬರವೂ ದೂರದಿಂದ ಬರಬೇಕಿಲ್ಲ. ರೈತ ಮಾತ್ರ ಹಿಮದಲ್ಲಿ ದಿನಕ್ಕೆರಡು ಬಾರಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆಯಬೇಕಿತ್ತು! ಈ ಪದ್ಧತಿಯಿಂದಲೇ ಹುಲ್ಲುಗಾವಲಿನಲ್ಲಿ ಬಗೆಬಗೆಯ ಕಾಡುಹೂಗಳು ಉಳಿದವು. ಹೂಗಳು ಬೀಜ ಉದುರಿಸುವ ತನಕ ಕುಡುಗೋಲು ಬೀಳದಿದ್ದುದು, ರಾಸಾಯನಿಕ ಗೊಬ್ಬರ ಸೋಕದಿದ್ದುದು ಇದಕ್ಕೆ ಕಾರಣ. ಮ್ಯೂಕರ್ ಎಂಬ ಹಳ್ಳಿಯ ಹುಲ್ಲುಗಾವಲುಗಳನ್ನು ನೋಡಲು ಜೂನ್ ತಿಂಗಳಲ್ಲಿ ಜನ ಬರುವುದು ಇದಕ್ಕಾಗಿಯೇ.

ಗೋಡೆಗಳದೂ ಇಂಥದೇ ಕತೆ. ಸುಣ್ಣ ಗಾರೆಗಳ ಹಂಗಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಎರಡು ಪದರ ಎಬ್ಬಿಸಿ, ನಡುವೆ ಸಣ್ಣ ಕಲ್ಲು ತುಂಬುತ್ತಾರೆ. ಅಲ್ಲಲ್ಲಿ ಎರಡೂ ಪದರಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು. ಗುಡ್ಡದ ಮೇಲ್ಭಾಗದ ನೇರ ಗೋಡೆಗಳಲ್ಲಿ ಬಹುಪಾಲು 18 ಮತ್ತು 19ನೇ ಶತಮಾನಗಳವು. ಊರೊಟ್ಟಿನ ಗೋಮಾಳವನ್ನು ಕಾನೂನಿನ ಮೂಲಕ ಖಾಸಗಿಯವರಿಗೆ ಹಂಚಿದಾಗ ಎದ್ದ ಗಡಿಗಳು ಅವು. ಇಂದು ಕಣ್ಣಿಗೆ ತಂಪೆನಿಸುವ ಆ ಗೆರೆಗಳು ಅಂದು ಎಷ್ಟೋ ಬಡವರ ಮೇವಿನ ಹಕ್ಕನ್ನು ಕಿತ್ತುಕೊಂಡ ಗೆರೆಗಳು ಎಂಬುದನ್ನು ಪ್ರವಾಸಿ ಕೈಪಿಡಿಗಳು ಒತ್ತಿ ಹೇಳುವುದಿಲ್ಲ.

ಗೋಡೆಗಳಾಚೆಯ ತೆರೆದ ಬೆಟ್ಟದಲ್ಲಿ ಮೇಯುವುದು ಈ ಕಣಿವೆಯದೇ ಹೆಸರಿನ, ಕಪ್ಪು ಮುಖ, ಬಿಳಿ ಮೂತಿಯ ಕುರಿ. ಬೇಲಿಯಿಲ್ಲದಿದ್ದರೂ ಅದು ತನ್ನ ಮಂದೆಯ ಜಾಗ ಬಿಟ್ಟು ಹೋಗದು. ಆ ಎಲ್ಲೆಯನ್ನು ಮರಿ ತಾಯಿಯಿಂದ ಕಲಿಯುತ್ತದೆ. ಹಾಗಾಗಿ ಜಮೀನು ಕೈ ಬದಲಾದರೂ ಮಂದೆ ಜಮೀನಿನೊಂದಿಗೇ ಉಳಿಯುವುದು ವಾಡಿಕೆ.

ಬದುಕು ಮಾತ್ರ ಎಂದೂ ಸಲೀಸಾಗಿರಲಿಲ್ಲ. ಮ್ಯೂಕರ್‌ನಲ್ಲಿ 1580ರಲ್ಲಿ ಚರ್ಚು ಕಟ್ಟುವವರೆಗೆ ಮೇಲಿನ ಹಳ್ಳಿಗಳಲ್ಲಿ ಸತ್ತವರನ್ನು ಬೆತ್ತದ ಪೆಟ್ಟಿಗೆಯಲ್ಲಿ ಹೊತ್ತು, ಹತ್ತಾರು ಮೈಲಿ ದೂರದ ಗ್ರಿಂಟನ್‌ಗೆ ನಡೆಯಬೇಕಿತ್ತು. 'ಶವದ ಹಾದಿ' ಎಂಬ ಹೆಸರು ಇಂದಿಗೂ ಇದೆ. ಮುಂದೆ ಬೇಸಾಯದ ಜೊತೆಗೆ ಸೀಸದ ಗಣಿಗಳು ಹೊಟ್ಟೆ ಹೊರೆದವು. 19ನೇ ಶತಮಾನದ ಕೊನೆಗೆ ಹೊರದೇಶಗಳ ಅಗ್ಗದ ಸೀಸ ಬಂದು ಗಣಿಗಳು ಮುಚ್ಚಿದವು. ಜನ ಲ್ಯಾಂಕಷೈರ್‌ನ ಹತ್ತಿ ಗಿರಣಿಗಳಿಗೆ, ಡರ್ಹಮ್‌ನ ಕಲ್ಲಿದ್ದಲು ಗಣಿಗಳಿಗೆ ಗುಳೆ ಎದ್ದರು. ಈಗ ನಿಶ್ಶಬ್ದವೆಂದು ಹೊಗಳಿಸಿಕೊಳ್ಳುವ ಎಷ್ಟೋ ಕಮರಿಗಳು ಒಂದು ಕಾಲದ ಕಾರ್ಖಾನೆಗಳು.

1954ರಲ್ಲಿ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದಾಗ ಕಣಿವೆ ಅದರೊಳಗೆ ಸೇರಿತು. ನಮ್ಮ ನಾಗರಹೊಳೆ, ಬಂಡೀಪುರದಂತೆ ಅಲ್ಲಿ ಕಾಡೂ ಇಲ್ಲ, ಹುಲಿಯೂ ಇಲ್ಲ. ಜನ ಅಲ್ಲೇ ವಾಸಿಸುತ್ತಾರೆ, ಹೆಚ್ಚಿನ ಭೂಮಿ ಖಾಸಗಿಯವರದು. ಆದರೆ ಮನೆ ಕಟ್ಟಲು ನಿರ್ಬಂಧ ಬಿಗಿ. 1989ರಲ್ಲಿ ಇಲ್ಲಿನ ಕೊಟ್ಟಿಗೆ ಮತ್ತು ಗೋಡೆಗಳಿಗೆಂದೇ ಸಂರಕ್ಷಣಾ ವಲಯವನ್ನು ಗುರುತಿಸಲಾಯಿತು. ನೋಟ ಉಳಿಯಿತು, ಮನೆಗಳ ಬೆಲೆ ಏರಿತು. ನಗರದ ಸ್ಥಿತಿವಂತರು ರಜೆಗೆಂದು ಕೊಂಡ ಮನೆಗಳು ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಕುರಿ ಕಾಯುವವನ ಮಗನಿಗೆ ಹುಟ್ಟಿದೂರಿನಲ್ಲಿ ಮನೆ ಕೊಳ್ಳುವುದು ಕನಸಿನ ಮಾತು. ಪಕ್ಕದ ಆರ್ಕೆನ್‌ಗಾರ್ತ್‌ಡೇಲ್ ಕಣಿವೆಯಲ್ಲಿ ಮೂರೂವರೆ ಶತಮಾನ ನಡೆದ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ 2019ರಲ್ಲಿ ಬಾಗಿಲು ಹಾಕಿತು. ಅದೇ ವರ್ಷದ ಜುಲೈನಲ್ಲಿ ಸುರಿದ ಮಳೆಗೆ ಸೇತುವೆ, ಗೋಡೆಗಳು ಕೊಚ್ಚಿಹೋಗಿ ಹುಲ್ಲುಗಾವಲುಗಳ ಮೇಲೆ ಕಲ್ಲು ಹರಡಿತು. ಅದನ್ನೆಲ್ಲ ಹೆಕ್ಕಿ ಗೋಡೆ ಕಟ್ಟಲು ಊರಲ್ಲಿ ಜನ ಬೇಕಲ್ಲ!

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ನಾರ್ತ್ ಯಾರ್ಕ್‌ಷೈರ್ ಕೌನ್ಸಿಲ್ 2025ರ ಏಪ್ರಿಲ್‌ನಿಂದ ಇಂಥ ಎರಡನೇ ಮನೆಗಳ ಮೇಲೆ ದುಪ್ಪಟ್ಟು ತೆರಿಗೆ ವಿಧಿಸುತ್ತಿದೆ. ಉದ್ಯಾನದ ಆಡಳಿತವೂ ರಸ್ತೆ ಬದಿಯ ಹಳೆಯ ಕೊಟ್ಟಿಗೆಗಳನ್ನು ಮನೆಯಾಗಿಸಲು ದಾರಿ ತೆರೆದಿದೆ. ಅದರಲ್ಲಿ ಸ್ಥಳೀಯರು ವಾಸಿಸಬಹುದು, ಇಲ್ಲವೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡಬಹುದು. ಹೊಲದ ನಟ್ಟನಡುವಿನ ಕೊಟ್ಟಿಗೆಗಳಿಗೆ ಅನುಮತಿ ಸಿಗುವುದು ಕಷ್ಟ. ಅಲ್ಲಿಗೆ ರಸ್ತೆ, ಕಿಟಕಿ, ವಿದ್ಯುತ್ ತಂತಿ ಬಂದರೆ ನೋಟ ಕೆಡುತ್ತದೆ ಎಂಬುದು ಆಕ್ಷೇಪ. ಹಸುಗಳು ಆಧುನಿಕ ಶೆಡ್ಡುಗಳಿಗೆ ಹೋದ ಮೇಲೆ ಆ ಕೊಟ್ಟಿಗೆಗಳಲ್ಲಿ ಅನೇಕವು ಕೆಲಸವಿಲ್ಲದೆ ನಿಂತಿವೆ. ಮೊದಲು ಜಾರುವುದು ಮಾಡಿನ ಕಲ್ಲುಚಪ್ಪಡಿ, ಆಮೇಲೆ ಗೋಡೆ.