ಜೋಡಿ ಅಗಲಿದ ಜಟ್ಟಿಗಳು

ಕುಸ್ತಿಯೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ಬರತಕ್ಕದ್ದು ಗರಡಿಯ ಮನೆ ಮತ್ತು ಕೆಮ್ಮಣ್ಣು. ಅಲ್ಲಿ ಜಟ್ಟಿಯು ಒಬ್ಬನೇ ಇಳಿಯುವನು. ಗೆಲವೂ ಸೋಲೂ ಅವನೊಬ್ಬನವೇ. ಮಲ್ಲರು ಜೋಡಿಯಾಗಿ ನಿಂತ ಪುರಾಣಪ್ರಸಂಗವೆಂದರೆ ಕಂಸನ ಸಭೆಯಲ್ಲಿ ಚಾಣೂರಮುಷ್ಟಿಕರನ್ನು ಕೃಷ್ಣಬಲರಾಮರು ಎದುರಿಸಿದ್ದು. ಅಲ್ಲಿಯೂ ಒಬ್ಬನಿಗೆ ಒಬ್ಬನೆಂಬ ನಿಯಮವೇ ನಡೆಯಿತು. ಉತ್ತರ ಅಮೆರಿಕದ ವೃತ್ತಿಕುಸ್ತಿಯಲ್ಲಾದರೋ ಬೇರೊಂದು ಪದ್ಧತಿಯುಂಟು. ಅದಕ್ಕೆ ‘ಟ್ಯಾಗ್ ಟೀಮ್’ ಎಂದು ಹೆಸರು.

ಚೌಕವಾದ ಕಣ, ಸುತ್ತಲೂ ಹಗ್ಗ. ಇಬ್ಬರಲ್ಲಿ ಒಬ್ಬನು ಒಳಗೆ ಸೆಣಸುವನು. ಮತ್ತೊಬ್ಬನು ಹಗ್ಗದ ಹೊರಗೆ, ಮೂಲೆಗೆ ಕಟ್ಟಿದ ಗಿಡ್ಡ ದಾರವನ್ನು ಹಿಡಿದು ಕಾದಿರುವನು. ಒಳಗಿನವನು ಬಂದು ಕೈ ಮುಟ್ಟಿದ ಹೊರತು ಹೊರಗಿನವನು ಪ್ರವೇಶಿಸಲಾಗದು. ಈ ಕುಸ್ತಿಯ ಫಲಿತಾಂಶವು ಮೊದಲೇ ಗೊತ್ತುಮಾಡಿದ್ದೆಂಬುದನ್ನು ಇಲ್ಲಿಯೇ ಹೇಳಬೇಕು. ಇದು ಕ್ರೀಡಾಸ್ಪರ್ಧೆಯಲ್ಲ, ವಿನೋದಪ್ರದರ್ಶನವೆಂದು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ಸಂಸ್ಥೆಯೇ 1989ರಲ್ಲಿ ನ್ಯೂ ಜರ್ಸಿಯ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು. ಆದರೆ ಗೆಲವು ನಟನೆಯಾದರೂ ಬೀಳುವುದು ನಟನೆಯಲ್ಲ. ಎತ್ತಿ ಒಗೆಯಲ್ಪಡುವವನ ಕತ್ತು, ಬೆನ್ನು, ಪ್ರಾಣ ಇವೆಲ್ಲವೂ ಎತ್ತುವವನ ಕೈಯಲ್ಲಿರುತ್ತವೆ.

ಹೀಗಿರುವಲ್ಲಿ, ವರ್ಷಗಟ್ಟಲೆ ಜೋಡಿಯಾಗಿದ್ದವರು ಅಗಲಿದಾಗ ಒಬ್ಬನು ಮೇಲೇರುವುದೂ ಇನ್ನೊಬ್ಬನು ಹಿಂದುಳಿಯುವುದೂ ಏತರಿಂದ? ಮೇಲೇರಿದವನ ಕೀರ್ತಿಯು ಸಂಪೂರ್ಣವಾಗಿ ಅವನದೇ ಏನು? ಈ ಪ್ರಶ್ನೆಗೆ ಒಂದು ಮನೆತನದ ಕಥೆಯು ಚೆನ್ನಾಗಿ ಉತ್ತರ ಕೊಡುತ್ತದೆ.

ಕೆನಡಾ ದೇಶದ ಕ್ಯಾಲ್ಗರಿ ನಗರದಲ್ಲಿ ಸ್ಟೂ ಹಾರ್ಟ್ ಎಂಬ ಮಲ್ಲನಿದ್ದನು. ಅವನಿಗೆ ಹನ್ನೆರಡು ಮಂದಿ ಮಕ್ಕಳು. ಮನೆಯ ನೆಲಮಾಳಿಗೆಯೇ ಗರಡಿ. ಮಕ್ಕಳಲ್ಲಿ ಒಬ್ಬನಾದ ಬ್ರೆಟ್ ಹಾರ್ಟನು ತನ್ನ ಅಕ್ಕ ಎಲ್ಲಿಯ ಗಂಡನಾದ ಜಿಮ್ ನೀಡ್‌ಹಾರ್ಟನೊಡನೆ 1985ರಲ್ಲಿ ‘ಹಾರ್ಟ್ ಫೌಂಡೇಷನ್’ ಎಂಬ ಜೋಡಿಯನ್ನು ಕಟ್ಟಿದನು. ಭಾವನು ಗುಂಡೆಸೆತದಲ್ಲಿ ಪಳಗಿದ ಭಾರೀ ಆಳು, ಬಲವು ಅವನದು. ಪಟ್ಟುಗಳ ಚಾತುರ್ಯವು ಬ್ರೆಟ್ಟನದು. 1987ರಲ್ಲಿಯೂ 1990ರಲ್ಲಿಯೂ ಈ ಇಬ್ಬರು ಜೋಡಿ ಪದವಿಯನ್ನು ಗೆದ್ದರು. 1991ರ ಮಾರ್ಚಿಯಲ್ಲಿ ಅದನ್ನು ಕಳೆದುಕೊಂಡ ಮೇಲೆ ಬ್ರೆಟ್ಟನು ಒಂಟಿಯಾಗಿ ನಿಂತನು.

ಅದೇ ವರ್ಷದ ಆಗಸ್ಟ್ 26ರಂದು ನ್ಯೂಯಾರ್ಕಿನಲ್ಲಿ ಅವನು ಕರ್ಟ್ ಹೆನ್ನಿಗನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಪದವಿಯನ್ನು ಪಡೆದನು. ಹೆನ್ನಿಗನು ಆ ದಿನ ಬೆನ್ನಿನ ತೀವ್ರವಾದ ನೋವಿನೊಡನೆಯೇ ಕಣಕ್ಕೆ ಬಂದಿದ್ದನು. ನೊಂದ ಮೈಯನ್ನು ಅವನು ಬ್ರೆಟ್ಟನ ಕೈಗೆ ಒಪ್ಪಿಸಿದನು. ಬ್ರೆಟ್ಟನು ಅದನ್ನು ಜೋಪಾನವಾಗಿ ನಡೆಸಿಕೊಂಡನು.

ಮರುವರ್ಷ, 1992ರ ಆಗಸ್ಟ್ 29ರಂದು, ಲಂಡನ್ನಿನ ವೆಂಬ್ಲಿಯಲ್ಲಿ ಸುಮಾರು 80,000 ಜನರ ಎದುರಿಗೆ ಅವನು ಡೇವಿ ಬಾಯ್ ಸ್ಮಿತ್ತನೊಡನೆ ಸೆಣಸಿದನು. ಸ್ಮಿತ್ತನು ಬ್ರೆಟ್ಟನ ತಂಗಿ ಡಯಾನಾಳ ಗಂಡ. ಇವನೂ ‘ಬ್ರಿಟಿಷ್ ಬುಲ್‌ಡಾಗ್ಸ್’ ಎಂಬ ಜೋಡಿಯಿಂದ ಹೊರಬಿದ್ದವನೇ. ಕಾಳಗವು ಆರಂಭವಾದ ಸ್ವಲ್ಪ ಹೊತ್ತಿಗೆಲ್ಲ ಸ್ಮಿತ್ತನಿಗೆ ಮೊದಲೇ ಗೊತ್ತುಮಾಡಿಕೊಂಡದ್ದೆಲ್ಲವೂ ಮರೆತುಹೋಯಿತೆಂದೂ, ಮುಂದಿನ ಪಟ್ಟುಗಳನ್ನು ಒಂದೊಂದಾಗಿ ತಾನೇ ಹೇಳಿಕೊಡುತ್ತ ಕೊನೆ ಮುಟ್ಟಿಸಿದೆನೆಂದೂ ಬ್ರೆಟ್ಟನು ಮುಂದೆ ಹೇಳಿದ್ದಾನೆ. ಅಂದಿನ ಗೆಲವು ಸ್ಮಿತ್ತನದು. ಸೋತವನೇ ಗೆದ್ದವನನ್ನು ಗೆಲ್ಲಿಸಿದನೆಂಬುದು ಎಂತಹ ವಿಚಿತ್ರ! ಎರಡು ತಿಂಗಳೊಳಗೆ, ಅಕ್ಟೋಬರ್ 12ರಂದು, ಬ್ರೆಟ್ಟನು ರಿಕ್ ಫ್ಲೇರನನ್ನು ಸೋಲಿಸಿ ಸಂಸ್ಥೆಯ ಸರ್ವೋಚ್ಚ ಪದವಿಗೆ ಏರಿದನು.

ಇದರಿಂದ ನಮಗೆ ತೋರುವುದಿಷ್ಟು. ಜೋಡಿಯಲ್ಲಿದ್ದಾಗ ಬ್ರೆಟ್ಟನು ಸಂಪಾದಿಸಿದ ನಿಜವಾದ ಆಸ್ತಿಯು ಪದವಿಯಲ್ಲ. ಇನ್ನೊಬ್ಬನ ಮೈಯನ್ನು ತನ್ನದೆಂಬಂತೆ ಕಾಯುವ ಅಭ್ಯಾಸ. ಒಂಟಿಯಾದ ಮೇಲೆ ಎದುರಾಳಿಯೇ ಅವನ ಜತೆಗಾರನಾದನು. ತನ್ನ ಕೈಯಿಂದ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲವೆಂಬುದನ್ನೇ ಅವನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುವನು.

ಮತ್ತೊಂದು ಜೋಡಿಯು ಬೇರೆ ಬಗೆಯಾಗಿ ಅಗಲಿತು. ಶಾನ್ ಮೈಕೇಲ್ಸ್ ಮತ್ತು ಮಾರ್ಟಿ ಜನೆಟ್ಟಿ ಇಬ್ಬರೂ ‘ರಾಕರ್ಸ್’ ಎಂದು ಹೆಸರಾಗಿದ್ದರು. 1992ರ ಜನವರಿಯಲ್ಲಿ ಪ್ರಸಾರವಾದ ಒಂದು ದೃಶ್ಯದಲ್ಲಿ, ಕ್ಷೌರದಂಗಡಿಯಂತೆ ಕಟ್ಟಿದ ರಂಗದ ಮೇಲೆ, ಮೈಕೇಲ್ಸನು ಗೆಳೆಯನನ್ನು ಅಪ್ಪಿಕೊಂಡು, ಮರುಕ್ಷಣವೇ ಒದ್ದು, ಕಿಟಕಿಯ ಗಾಜಿಗೆ ಎಸೆದನು. ಪ್ರೇಕ್ಷಕರು ಮಿತ್ರದ್ರೋಹಿಯೆಂದು ಬೈದರು. ಆ ಬೈಗಳಿಂದಲೇ ಮೈಕೇಲ್ಸನ ಹೆಸರು ಬೆಳೆಯಿತು. ಆದರೆ ಗಾಜನ್ನು ಒಡೆದುಕೊಂಡು ಬಿದ್ದವನು ಯಾರು? ಜನೆಟ್ಟಿ. ಅವನು ಹಾಗೆ ಬೀಳಲು ಒಪ್ಪದೆ ಇದ್ದಿದ್ದರೆ ಮೈಕೇಲ್ಸನ ಏಳಿಗೆಯ ಮೊದಲ ಮೆಟ್ಟಿಲೇ ಇರುತ್ತಿರಲಿಲ್ಲ. 1993ರ ಮೇ ತಿಂಗಳಲ್ಲಿ ಜನೆಟ್ಟಿಯು ತನ್ನ ಹಳೆಯ ಗೆಳೆಯನಿಂದಲೇ ಇಂಟರ್‌ಕಾಂಟಿನೆಂಟಲ್ ಪದವಿಯನ್ನು ಕಸಿದುಕೊಂಡನು. ಮೂರು ವಾರ ತುಂಬುವುದರೊಳಗೆ ಅದು ಮೈಕೇಲ್ಸನಿಗೇ ಹಿಂದಿರುಗಿತು.

1996ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯದ ಅನಹೈಮಿನಲ್ಲಿ ಜೋಡಿಗಳಿಂದ ಬಂದ ಈ ಇಬ್ಬರು, ಹಾರ್ಟ್ ಮತ್ತು ಮೈಕೇಲ್ಸ್, ಸರ್ವೋಚ್ಚ ಪದವಿಗಾಗಿ ಎದುರುಬದುರಾದರು. 60 ನಿಮಿಷ ಕಳೆದರೂ ಒಬ್ಬನಿಗೂ ಒಂದು ಅಂಕವಿಲ್ಲ. ಕಾಲವನ್ನು ವಿಸ್ತರಿಸಿದ ಮೇಲೆ ಮೈಕೇಲ್ಸನು ಗೆದ್ದನು. ಕಣದಲ್ಲಿ ಇಬ್ಬರೇ, ಆದರೆ ಅವರ ಬೆನ್ನ ಹಿಂದೆ ನೀಡ್‌ಹಾರ್ಟನೂ ಜನೆಟ್ಟಿಯೂ ಅದೃಶ್ಯರಾಗಿ ಹಗ್ಗ ಹಿಡಿದು ನಿಂತಿದ್ದರೆಂದು ನಾವು ಭಾವಿಸುತ್ತೇವೆ.

ಹಿಂದುಳಿದವರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಸ್ಮಿತ್ತನ ಜತೆಗಾರನಾಗಿದ್ದ ‘ಡೈನಮೈಟ್ ಕಿಡ್’ ಎಂಬವನ ಬೆನ್ನು 1986ರ ಕೊನೆಯಲ್ಲಿಯೇ ಜರ್ಝರಿತವಾಗಿತ್ತು. ಮುಂದೆ ಅವನು ಗಾಲಿಕುರ್ಚಿಯಲ್ಲಿ ದಿನ ಕಳೆಯಬೇಕಾಯಿತು. ಅವನೂ ನೀಡ್‌ಹಾರ್ಟನೂ 2018ರಲ್ಲಿ ತೀರಿಕೊಂಡರು. ಸ್ಮಿತ್ತನು 2002ರಲ್ಲಿ 39ನೆಯ ವಯಸ್ಸಿಗೇ ಮಡಿದಿದ್ದನು.

ಸಂಸ್ಥೆಯು ತನ್ನ ಕೀರ್ತಿಮಂದಿರದಲ್ಲಿ ಬ್ರೆಟ್ಟನನ್ನು 2006ರಲ್ಲಿ ಒಬ್ಬನನ್ನಾಗಿಯೇ ಗೌರವಿಸಿತು. ಹಾರ್ಟ್ ಫೌಂಡೇಷನ್ ಜೋಡಿಗೆ ಆ ಗೌರವವು ಸಂದದ್ದು 2019ರಲ್ಲಿ. ಭಾವನು ತೀರಿಹೋದ ಮರುವರ್ಷ. ವೇದಿಕೆಯ ಮೇಲೆ ಬ್ರೆಟ್ಟನ ಪಕ್ಕದಲ್ಲಿ ನಿಂತವಳು ನೀಡ್‌ಹಾರ್ಟನ ಮಗಳು ನಟಾಲಿಯಾ, ಅವಳೂ ಮಲ್ಲಳೇ. ತಂದೆಗೆ ಸಲ್ಲತಕ್ಕ ಪಾಲನ್ನು ಮಗಳು ಸ್ವೀಕರಿಸಿದಳು.

ಗೃಹಸ್ಥರಾದ ನಮ್ಮ ವಾಚಕರು ಇದನ್ನು ದೂರದೇಶದ ವಿನೋದವೆಂದು ತಳ್ಳಿಬಿಡಬಾರದು. ಅಣ್ಣತಮ್ಮಂದಿರಲ್ಲಿ ಒಬ್ಬನು ಪಟ್ಟಣಕ್ಕೆ ಹೋಗಿ ಹೆಸರು ಗಳಿಸುತ್ತಾನೆ. ಇನ್ನೊಬ್ಬನು ಮನೆ, ಹೊಲ, ಮುಪ್ಪಿನ ತಾಯಿತಂದೆಗಳನ್ನು ನೋಡಿಕೊಂಡು ಊರಿನಲ್ಲಿಯೇ ಉಳಿಯುತ್ತಾನೆ. ಹೋದವನಿಗೆ ಹಾರ ಹಾಕುವುದು ಯುಕ್ತವೇ. ಉಳಿದವನಿಗೆ ಸಲ್ಲತಕ್ಕ ಮಾತನ್ನು ಅವನು ಕೇಳುವ ಕಾಲದಲ್ಲಿಯೇ ಆಡುವುದು ಇನ್ನೂ ಯುಕ್ತ. ಏಕೆಂದರೆ ಎಲ್ಲರಿಗೂ ಅದನ್ನು ಮುಂದೆ ಸ್ವೀಕರಿಸಲು ನಟಾಲಿಯಾಳಂತಹ ಮಗಳಿರುವಳೆಂಬ ಭರವಸೆಯಿಲ್ಲ.