ಸರ್ರಿಯಾದಲ್ಲಿ ಮೂವರು, ದಾರಿ ಒಬ್ಬರಿಗೆ

ಬಾರ್ಸಿಲೋನಾಕ್ಕೆ ಹೋದ ಫುಟ್‌ಬಾಲ್ ಪ್ರಿಯರು ಮೊದಲು ಕ್ಯಾಂಪ್ ನೌ ಹುಡುಕುತ್ತಾರೆ. ನಾನು ಕೇಳಿಕೊಂಡು ಹೋದದ್ದು ಸರ್ರಿಯಾಕ್ಕೆ. ಅಲ್ಲಿ ಈಗ ಸ್ಟೇಡಿಯಂ ಇಲ್ಲ. ಸಾಲದಲ್ಲಿ ಮುಳುಗಿದ್ದ ಎಸ್ಪಾನ್ಯೋಲ್ ಕ್ಲಬ್ ಜಾಗ ಮಾರಿತು, 1997ರಲ್ಲಿ ಕಟ್ಟಡ ನೆಲಸಮವಾಯಿತು. ಉಳಿದಿರುವುದು ಅಪಾರ್ಟ್‌ಮೆಂಟ್‌ಗಳು ಮತ್ತು ಹಳೆಯ ಮೈದಾನದ ಹೆಸರನ್ನೇ ಹೊತ್ತ ಒಂದು ಉದ್ಯಾನ.

ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ‘1982, ಇಟಲಿ, ಬ್ರೆಜಿಲ್’ ಎಂದಷ್ಟೇ ಹೇಳಿದೆ. ಎದ್ದು ನಿಂತರು. ಊರುಗೋಲಿನ ತುದಿಯಿಂದ ಮಣ್ಣಿನ ಮೇಲೆ ಆಯತ ಎಳೆದು, ಎರಡು ಬದಿಗೂ ಗೋಲು ಗುರುತಿಸಿ, ‘ರೊಸ್ಸಿ, ರೊಸ್ಸಿ, ರೊಸ್ಸಿ’ ಎಂದು ಮೂರು ಕಡೆ ಕುಟ್ಟಿ ತೋರಿಸಿದರು. ಆಮೇಲೆ ಸುತ್ತಲಿನ ಮನೆಗಳತ್ತ ಕೋಲು ಬೀಸಿದರು: ಗ್ಯಾಲರಿ ಇಲ್ಲಿ, ರಸ್ತೆ ಅಲ್ಲಿ, ನಡುವೆ ಜಾಗವೇ ಇರಲಿಲ್ಲ. ಸುಮಾರು 44 ಸಾವಿರ ಜನ ಈ ಇಕ್ಕಟ್ಟಿನಲ್ಲಿ ಕೂತು ವಿಶ್ವಕಪ್ಪಿನ ಅತಿ ಕಠಿಣ ಗುಂಪನ್ನು ನೋಡಿದರು ಎಂಬುದು ಆ ಜಾಗದಲ್ಲಿ ನಿಂತಾಗಲೇ ನನಗೆ ಸರಿಯಾಗಿ ಅರ್ಥವಾದದ್ದು.

ಕಥೆ ಗೊತ್ತಿರುವುದೇ. 24 ತಂಡಗಳ ಮೊದಲ ವಿಶ್ವಕಪ್ ಅದು. ಎರಡನೇ ಸುತ್ತಿನಲ್ಲಿ ಮೂರು ಮೂರು ತಂಡಗಳ ನಾಲ್ಕು ಗುಂಪು, ಪ್ರತಿ ಗುಂಪಿನಿಂದ ಒಬ್ಬರಿಗಷ್ಟೇ ಸೆಮಿಫೈನಲ್. ‘ಸಿ’ ಗುಂಪಿಗೆ ಬಂದವರು ಹಾಲಿ ಚಾಂಪಿಯನ್ ಅರ್ಜೆಂಟೀನಾ, ಝಿಕೊ–ಸಾಕ್ರಟೀಸ್–ಫಾಲ್ಕಾವೊ ಇದ್ದ ಬ್ರೆಜಿಲ್ ಮತ್ತು ಇಟಲಿ. ಮೂವರೂ ಮೊದಲೇ ವಿಶ್ವಕಪ್ ಗೆದ್ದವರು.

ಉದ್ಯಾನದಿಂದ ಕ್ಯಾಂಪ್ ನೌ ನಡೆದೇ ಹೋಗುವಷ್ಟು ಹತ್ತಿರ. ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಪ್ರಶ್ನೆ: ಲಕ್ಷಕ್ಕೂ ಹೆಚ್ಚು ಜನ ಹಿಡಿಸುವ ಸ್ಟೇಡಿಯಂ ಪಕ್ಕದಲ್ಲೇ ಇರುವಾಗ ಈ ಮೂವರು ಸರ್ರಿಯಾದಲ್ಲಿ ಯಾಕೆ ಆಡಿದರು? ಅದೇ ದಿನಗಳಲ್ಲಿ ಕ್ಯಾಂಪ್ ನೌನಲ್ಲಿ ಆಡುತ್ತಿದ್ದವರು ಪೋಲೆಂಡ್, ಬೆಲ್ಜಿಯಂ, ಸೋವಿಯತ್ ಒಕ್ಕೂಟ. ಅಲ್ಲಿ ಆಸನಗಳು ಅರ್ಧಕ್ಕರ್ಧ ಖಾಲಿ.

ಉತ್ತರ ಮೊದಲ ಸುತ್ತಿನ ಪಟ್ಟಿಯಲ್ಲಿದೆ. ಒಂದನೇ ಮತ್ತು ಮೂರನೇ ಗುಂಪುಗಳಲ್ಲಿ ಮೊದಲಿಗರಾದವರಿಗೆ ಕ್ಯಾಂಪ್ ನೌ, ಎರಡನೆಯವರಿಗೆ ಸರ್ರಿಯಾ ಎಂದು ಮೊದಲೇ ಗೊತ್ತುಮಾಡಿಯಾಗಿತ್ತು. ಅರ್ಜೆಂಟೀನಾ ಉದ್ಘಾಟನಾ ಪಂದ್ಯದಲ್ಲೇ ಬೆಲ್ಜಿಯಂಗೆ 0–1ರಿಂದ ಸೋತು ಎರಡನೇ ಸ್ಥಾನಕ್ಕಿಳಿಯಿತು. ಇಟಲಿಯಂತೂ ಪೋಲೆಂಡ್, ಪೆರು, ಕ್ಯಾಮರೂನ್ ಮೂವರೊಂದಿಗೂ ಡ್ರಾ ಮಾಡಿಕೊಂಡು, ಕ್ಯಾಮರೂನ್‌ಗಿಂತ ಒಂದು ಗೋಲು ಹೆಚ್ಚು ಹೊಡೆದಿದ್ದ ಕಾರಣಕ್ಕೆ ಉಳಿಯಿತು. ಈ ಮೂವರಲ್ಲಿ ತನ್ನ ಗುಂಪನ್ನು ಪೂರ್ತಿ ಗೆದ್ದದ್ದು ಬ್ರೆಜಿಲ್ ಮಾತ್ರ; ಅದರ ಗುಂಪಿನ ಮೊದಲಿಗರಿಗೆ ಸರ್ರಿಯಾವೇ ಗೊತ್ತಾಗಿತ್ತು. ಗೆದ್ದವರಿಗೆ ಸಿಕ್ಕ ಬಹುಮಾನ, ಎಡವಿದ ಇಬ್ಬರು ದೈತ್ಯರು! ಕಠಿಣ ಗುಂಪಿಗೆಲ್ಲ ಚೀಟಿ ಎತ್ತಿದವರನ್ನು ದೂರುವ ಅಭ್ಯಾಸ ನಮಗಿದೆ. ಸರ್ರಿಯಾದ ಗುಂಪನ್ನು ಕಟ್ಟಿದ್ದು ಚೀಟಿಯಲ್ಲ, ಎರಡು ತಂಡಗಳ ಮುಗ್ಗರಿಕೆ.

ನಿಯಮದ ಇನ್ನೊಂದು ಎಳೆಯೂ ಇದೆ. ಮೊದಲ ಪಂದ್ಯದಲ್ಲಿ ಸೋತವರೇ ಎರಡನೇ ಪಂದ್ಯ ಆಡಬೇಕಿತ್ತು. ಜೂನ್ 29ರಂದು ಇಟಲಿಯ ಡಿಫೆಂಡರ್ ಜೆಂಟೀಲೆ ಅರ್ಜೆಂಟೀನಾದ ಮರಡೋನಾನ ಬೆನ್ನು ಬಿಡದೆ ಕಾಡಿದ, ಇಟಲಿ 2–1ರಿಂದ ಗೆದ್ದಿತು. ಜುಲೈ 2ರಂದು ಅದೇ ಅರ್ಜೆಂಟೀನಾವನ್ನು ಬ್ರೆಜಿಲ್ 3–1ರಿಂದ ಮಣಿಸಿತು, ಮರಡೋನಾ ಕೆಂಪು ಕಾರ್ಡ್ ಪಡೆದು ಹೊರನಡೆದ. ಹೀಗಾಗಿ ಜುಲೈ 5ರ ನಿರ್ಣಾಯಕ ಪಂದ್ಯಕ್ಕೆ ಇಟಲಿ ಆರು ದಿನಗಳ ಅಂತರದಲ್ಲಿ ಇಳಿದರೆ, ಬ್ರೆಜಿಲ್ ಇಳಿದದ್ದು ಮೂರೇ ದಿನದಲ್ಲಿ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಗೋಲು ಅಂತರ ಮೇಲಿದ್ದ ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಬಾಜಿ ಹಗರಣದ ನಿಷೇಧ ಮುಗಿಸಿ ಬಂದಿದ್ದ ಇಟಲಿಯ ಪಾವ್ಲೊ ರೊಸ್ಸಿ ಹಿಂದಿನ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ. ಕೋಚ್ ಬೆಯರ್‌ಜೋಟ್ ಆದರೂ ಕೈಬಿಡಲಿಲ್ಲ. 5ನೇ ನಿಮಿಷಕ್ಕೆ ರೊಸ್ಸಿ, 12ಕ್ಕೆ ಸಾಕ್ರಟೀಸ್, 25ಕ್ಕೆ ಮತ್ತೆ ರೊಸ್ಸಿ, 68ಕ್ಕೆ ಫಾಲ್ಕಾವೊ. ಸ್ಕೋರು 2–2. ಆಗಲೂ ಬ್ರೆಜಿಲ್ ಬಾಗಿಲು ಹಾಕಿಕೊಳ್ಳಲಿಲ್ಲ, ದಾಳಿಗೇ ಹೋಯಿತು. 74ನೇ ನಿಮಿಷದಲ್ಲಿ ರೊಸ್ಸಿಯ ಮೂರನೇ ಗೋಲು. ಕೊನೆಯಲ್ಲಿ ಬ್ರೆಜಿಲ್‌ನ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು 40 ವರ್ಷದ ಗೋಲ್‌ಕೀಪರ್ ಡಿನೊ ಝೋಫ್ ಗೆರೆಯ ಮೇಲೇ ಅದುಮಿ ಹಿಡಿದ.

ಅಂದು ಸುಂದರ ಆಟ ಸತ್ತಿತು ಎನ್ನುವ ಶೋಕಗೀತೆಯನ್ನು ನಾನು ಒಪ್ಪುವುದಿಲ್ಲ. ಆ ಬ್ರೆಜಿಲ್ ತಂಡದ ಮೇಲೆ ನನಗಿರುವ ಪ್ರೀತಿ ಬತ್ತುವಂಥದ್ದಲ್ಲ. ಆದರೆ ಇಟಲಿ ಬರೀ ತಡೆಯುತ್ತ ಕೂತಿರಲಿಲ್ಲ. ಅಷ್ಟು ಸೊಗಸಾದ ತಂಡದ ಎದುರು ಮೂರು ಗೋಲು ಹೊಡೆಯಿತು, ಆಂಟೊನ್ಯೋನಿಯ ನಾಲ್ಕನೆಯದು ಆಫ್‌ಸೈಡ್ ಎಂದು ತಿರಸ್ಕೃತವಾಯಿತು.

ಇಟಲಿ ಆಮೇಲೆ ಕ್ಯಾಂಪ್ ನೌಗೇ ಬಂತು. ಸೆಮಿಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ 2–0, ಎರಡೂ ರೊಸ್ಸಿಯವೇ. ಮ್ಯಾಡ್ರಿಡ್‌ನ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ 3–1. ಮೊದಲ ಸುತ್ತಿನಲ್ಲಿ ಇದೇ ಪೋಲೆಂಡ್ ವಿರುದ್ಧ ಒಂದು ಗೋಲನ್ನೂ ಹೊಡೆಯಲಾಗದಿದ್ದ ತಂಡ ಇದು. ನಡುವೆ ಬದಲಾದದ್ದು ಸರ್ರಿಯಾದ ಎರಡು ಪಂದ್ಯ ಮಾತ್ರ. ಈಗ 48 ತಂಡಗಳ ವಿಶ್ವಕಪ್ಪಿನಲ್ಲಿ ಮೂರನೇ ಸ್ಥಾನದವರಲ್ಲೂ ಎಂಟು ಮಂದಿ ಮುಂದಕ್ಕೆ ಹೋಗುತ್ತಾರೆ. ದೊಡ್ಡ ತಂಡಗಳಿಗೆ ಇದು ನೆಮ್ಮದಿ ಇರಬಹುದು. ಆದರೆ ಮೊದಲ ವಾರ ತಡವರಿಸಿದ ತಂಡವೊಂದನ್ನು ಎರಡೇ ಪಂದ್ಯದಲ್ಲಿ ಚಾಂಪಿಯನ್ ಮಾಡುವ ಶಕ್ತಿ ಇಂಥ ಸಲೀಸಿನ ಗುಂಪುಗಳಿಗೆ ಇದೆ ಎಂದು ನನಗಂತೂ ಅನ್ನಿಸುವುದಿಲ್ಲ.